ಅವ್ವನ ಬಚ್ಚಲಕ್ಕೆ ಯಾವ ಆಸರೆ: ಮ್ಯಾಟೋ, ಹಿಡಿಕೆಯೋ, ಕುರ್ಚಿಯೋ?

ಬಾಗಲಕೋಟಿ ನವನಗರದಿಂದ ತಮ್ಮನೊಬ್ಬ ಕೇಳಿದ್ದಾನೆ: "ಅವ್ವಗ ಮೊಣಕಾಲು ನೋವು, ಬಚ್ಚಲದಾಗ ಜಾರತಾಳೇನೋ ಅಂತ ಅಂಜಿಕಿ. ಏನು ಹಾಕಿಸಲಿ?"

ರೊಕ್ಕದ ಲೆಕ್ಕಕ್ಕೆ ರಬ್ಬರ್ ಮ್ಯಾಟೇ ಅಗ್ಗ, ಇವತ್ತೇ ತಂದು ಹಾಸಬಹುದು. ಆದರೆ ತಿಕ್ಕಿ ಒಣಗಿಸದಿದ್ದರೆ ಸಾಬೂನು, ಬೋರಿನ ಸವಳು ನೀರು ಸೇರಿ ಮ್ಯಾಟಿನ ಕೆಳಗೆ ಲೋಳೆ ಕಟ್ಟುತ್ತದೆ. ನಮ್ಮ ಮನೆಯದನ್ನು ಎತ್ತಿ ನೋಡಿದರೆ ನೆಲಕ್ಕೆ ಅಂಟಿ ಹಿಡಿಯುವ ಕೆಳಗಿನ ಸಣ್ಣ ಬಟ್ಟಲುಗಳೆಲ್ಲ ಬಿಳಿ ಪೊರೆ ಹಿಡಿದಿದ್ದವು. ಕಾಲಿಟ್ಟರೆ ಮ್ಯಾಟೇ ಸರಿಯುತ್ತಿತ್ತು! ಒರಟು ಫರಸಿಗಂತೂ ಅದು ಅಂಟುವುದಿಲ್ಲ.

ಬಾಳಿಕೆಗೆ ಸ್ಟೀಲ್ ಹಿಡಿಕೆ. ತೊಡಕೇನಿದ್ದರೂ ಗೋಡೆಯದು. ಗಟ್ಟಿ ಇಟ್ಟಿಗೆ, ಕಾಂಕ್ರೀಟಾದರೆ ಡ್ರಿಲ್ ಹೊಡೆದು ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ ಕೂಡಿಸಬಹುದು. ಹಳೇ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ಕಿತ್ತು ಬರುತ್ತದೆ. ಡ್ರಿಲ್ ಇಲ್ಲದೆ ಒತ್ತಿ ಅಂಟಿಸುವ ಹಿಡಿಕೆಯ ಮೇಲೆ ನನಗಂತೂ ನಂಬಿಕೆಯಿಲ್ಲ. ಟವೆಲ್ ರಾಡೂ ಮೈಭಾರ ತಡೆಯುವುದಿಲ್ಲ.

ಬಾಡಿಗೆ ಮನೆ, ಗೋಡೆಗೆ ತೂತು ಕೊರೆಯುವಂತಿಲ್ಲ ಅಂದರೆ ಕುರ್ಚಿಯೇ ವಾಸಿ. ನಿಂತರೆ ತಲೆ ತಿರುಗುವವರಿಗೂ ಅದೇ. ಕಾಲಿಗೆ ರಬ್ಬರ್ ಬುಡವಿರುವ, ಎತ್ತರ ಹೊಂದಿಸಬಲ್ಲದ್ದನ್ನೇ ನೋಡಿ. ಅಂಗಳದ ಪ್ಲಾಸ್ಟಿಕ್ ಕುರ್ಚಿ ಒದ್ದೆ ನೆಲದ ಮೇಲೆ ಸರಿಯುತ್ತದೆ. ಮಣೆ ಮೇಲೆ ಕೂತೇ ಮೈ ತೊಳೆದು ರೂಢಿಯಾದ ನಮ್ಮ ಹಿರಿಯರು ಮೊದಲು ಬೇಡ ಅನ್ನುತ್ತಾರೆ. ಕೂತದ್ದು ಸರಿ, ಮೊಣಕಾಲು ನೋವಿದ್ದಾಗ ಮಣೆಯಿಂದ ಏಳುವುದೇ ಕಷ್ಟ.

ನಿಮ್ಮ ಅವ್ವ ನಿಂತು ನಡೆಯುತ್ತಾಳೆ, ಏಳುವಾಗಷ್ಟೇ ತ್ರಾಸು ಅಂದರೆ ಮೊದಲು ಹಿಡಿಕೆ ಹಾಕಿಸಿ. ಗೌಂಡಿ ಬಂದಾಗ ಹೊರಗಿನಿಂದಲೂ ತೆಗೆಯಲು ಬರುವ ಚಿಲಕವನ್ನೂ ಕೂಡಿಸಿಬಿಡಿ.