ಟ್ಯಾಬ್, ಉಪಗ್ರಹ, ಕುರಿ ಮಂದೆ: ಬಯಲುಸೀಮೆಯ ಥೀಸಿಸ್‌ಗೆ ಯಾವುದು ಒಗ್ಗುತ್ತದೆ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ಮೇಯಿಸುವ ಜಾಗ ಕಡಿಮೆಯಾದ ಮೇಲೆ ಕುರಿ ಸಾಕುವವರು ಹೇಗೆ ಬದುಕು ನಡೆಸುತ್ತಿದ್ದಾರೆ? ನನ್ನ ಪಿಎಚ್‌ಡಿಯ ಪ್ರಶ್ನೆ ಇಷ್ಟೇ. ಉತ್ತರಕ್ಕಾಗಿ ನಾಲ್ಕು ದಾರಿ ಹಿಡಿದೆ: ಟ್ಯಾಬ್‌ನಲ್ಲಿ ಮನೆಮನೆ ಸಮೀಕ್ಷೆ, ಉಪಗ್ರಹ ಚಿತ್ರ, ಊರವರೇ ನೆಲದ ಮೇಲೆ ಬರೆಯುವ ನಕ್ಷೆ, ಕುರಿ ಮಂದೆಯ ಹಿಂದೆ ನಡಿಗೆ. ಈಗ ಜೂನಿಯರ್‌ಗಳು ಫೋನ್ ಮಾಡಿ "ಅಕ್ಕಾ, ನಾನು ಯಾವುದು ಮಾಡಲಿ?" ಅಂತ ಕೇಳುತ್ತಿರುತ್ತಾರೆ. ಗೈಡ್‌ಗಳು ಸಾಮಾನ್ಯವಾಗಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡು ಅನ್ನುತ್ತಾರೆ. ನಾನು ಹಾಗನ್ನುವುದಿಲ್ಲ. ಯಾವುದನ್ನು ಮೊದಲು ಮಾಡುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಮೊದಲು ನಡೆಯಬೇಕು.

ಜಾಗದ ಬಗ್ಗೆ ಎರಡು ಮಾತು. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿ ಬರುತ್ತವೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಬಿದ್ದರೆ ಪುಣ್ಯ. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಇಲ್ಲಿನ ಅಮೃತ ಮಹಲ್ ಕಾವಲುಗಳು ಮೈಸೂರು ಅರಸರ ಕಾಲದಲ್ಲಿ ಸೈನ್ಯದ ಸಾಮಾನು ಎಳೆಯುವ ಎತ್ತುಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳು. ಹಳೇ ಮೈಸೂರಿನ ತುಂಬ ಅಂಥವು 4 ಲಕ್ಷ ಎಕರೆಗೂ ಜಾಸ್ತಿ ಇದ್ದವು. ಕಾಡುಗೊಲ್ಲರು, ಮ್ಯಾಸಬೇಡರು, ಕುರುಬರು ತಲೆಮಾರುಗಳಿಂದ ಅಲ್ಲಿ ಕುರಿ, ದನ, ದೇವರ ಎತ್ತುಗಳನ್ನು ಮೇಯಿಸಿದವರು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಸುಮಾರು 10,000 ಎಕರೆ ಕಾವಲು ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೊ, ಅಣು ಸಂಶೋಧನೆಯ ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಹಂಚಿಕೆಯಾಯಿತು. ಗೋಡೆಗಳು ಎದ್ದವು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯೂ ಆಯಿತು.

ಟ್ಯಾಬ್ ಸಮೀಕ್ಷೆಯನ್ನು ಮೊದಲು ನೋಡೋಣ, ಯಾಕೆಂದರೆ ಎಲ್ಲರೂ ಕೈ ಹಾಕುವುದು ಅದಕ್ಕೇ. ಕೋಬೊ ಟೂಲ್‌ಬಾಕ್ಸ್ ಅನ್ನುವ ಸಮೀಕ್ಷೆಯ ಸಾಫ್ಟ್‌ವೇರ್‌ನಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ನೆಟ್‌ವರ್ಕ್ ಇಲ್ಲದ ಹಟ್ಟಿಯಲ್ಲೂ ಕೆಲಸ ಮಾಡುತ್ತದೆ, ಸಂಜೆ ಸಿಗ್ನಲ್ ಸಿಕ್ಕಾಗ ಕಳಿಸಿದರಾಯಿತು. ಸಾಲ ಎಷ್ಟು, ಬೋರ್‌ವೆಲ್ ಎಷ್ಟು ಅಡಿ, ಮೇವಿಗೆ ಎಷ್ಟು ಕೊಟ್ಟಿರಿ, ಮಕ್ಕಳು ಎಲ್ಲಿ ಓದುತ್ತಿದ್ದಾರೆ ಇಂಥ ಪ್ರಶ್ನೆಗಳಿಗೆ ಇದನ್ನು ಮೀರಿಸಿದ್ದಿಲ್ಲ. ಟೇಬಲ್ ಬೇಗ ಸಿದ್ಧವಾಗುತ್ತದೆ, ಕಮಿಟಿಯವರಿಗೂ ಖುಷಿ.

ಕುರಿ ವಿಷಯಕ್ಕೆ ಬಂದರೆ ತೊಡಕು ಶುರು. "ಎಷ್ಟು ಕುರಿ ಇದಾವೆ?" ಅಂದರೆ "ಇದಾವೆ ಕಣವ್ವಾ, ಒಂದಷ್ಟು" ಅನ್ನುತ್ತಾರೆ. ಇನ್ನೊಮ್ಮೆ ಕೇಳಿದರೆ "ಯಾಕೆ, ಲೋನ್ ಕೊಡಿಸ್ತೀಯಾ?" ಎಣಿಸಿ ಹೇಳಿದರೆ ದೃಷ್ಟಿ ಆಗುತ್ತದೆ ಅನ್ನುವವರಿದ್ದಾರೆ. ಅಧಿಕಾರಿ ಅಂದುಕೊಂಡು ಕಡಿಮೆ ಹೇಳುವವರಿದ್ದಾರೆ, ಏನಾದರೂ ಸ್ಕೀಮ್ ಬಂದೀತು ಅಂತ ಜಾಸ್ತಿ ಹೇಳುವವರೂ ಇದ್ದಾರೆ. ಅದಕ್ಕಿಂತ ದೊಡ್ಡ ಸಮಸ್ಯೆ, ಮನೆ ಅನ್ನುವ ಲೆಕ್ಕವೇ ಇಲ್ಲಿ ಕೂರುವುದಿಲ್ಲ. ಒಂದೇ ಮಂದೆಯಲ್ಲಿ ಅಣ್ಣತಮ್ಮಂದಿರ ಕುರಿ, ಭಾವನ ಕುರಿ, ಪೇಟೆಯ ಯಾರೋ ಮೇಷ್ಟ್ರು ಪಾಲಿಗೆ ಬಿಟ್ಟ ಕುರಿ ಎಲ್ಲ ಸೇರಿರುತ್ತವೆ. ಫಾರ್ಮ್‌ನಲ್ಲಿ ಮಾತ್ರ ಒಂದು ಮನೆಗೆ ಒಂದು ಖಾನೆ.

ಇನ್ನು ಬೇಸಿಗೆಯಲ್ಲಿ ಹೋದರೆ ಬಾಗಿಲಿಗೆ ಬೀಗ. ದೊಡ್ಡ ಮಂದೆಯವರು ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳ ಕಡೆ ಹೊರಟಿರುತ್ತಾರೆ. ಸ್ಯಾಂಪಲ್ ಪಟ್ಟಿಯಲ್ಲಿ ಅವರನ್ನು 'ಮನೆಯಲ್ಲಿಲ್ಲ' ಅಂತ ಗುರುತು ಹಾಕಿ ಪಕ್ಕದ ಮನೆಗೆ ಹೋಗುವುದು ರೂಢಿ. ಅಂದರೆ, ಮೇವು ಹುಡುಕಿ ಊರು ಬಿಟ್ಟವರ ಬಗ್ಗೆ ಅಧ್ಯಯನ ಮಾಡಲು ಬಂದು ಊರಲ್ಲಿ ಉಳಿದವರನ್ನು ಮಾತ್ರ ಕೇಳಿಕೊಂಡು ವಾಪಸ್ ಹೋಗುತ್ತೇವೆ. ಅಂಕಿಅಂಶದ ಸಾಫ್ಟ್‌ವೇರ್ ಇದನ್ನು ನಿಮಗೆ ಹೇಳುವುದಿಲ್ಲ.

ಉಪಗ್ರಹ ಚಿತ್ರದ ಆಕರ್ಷಣೆ ಬೇರೆ ಥರದ್ದು. ಹಾಸ್ಟೆಲ್ ರೂಮಿನಲ್ಲಿ ಫ್ಯಾನ್ ಕೆಳಗೆ ಕೂತು ಇಡೀ ತಾಲ್ಲೂಕು ನೋಡಬಹುದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳು ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತವೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಲೆಕ್ಕ ಹಾಕಿಸಿದರೆ ಕೆಲಸವೆಲ್ಲ ಗೂಗಲ್‌ನ ಕಂಪ್ಯೂಟರ್‌ಗಳಲ್ಲೇ ನಡೆಯುತ್ತದೆ, ನಿಮ್ಮ ಹಳೇ ಲ್ಯಾಪ್‌ಟಾಪ್ ಬಿಸಿಯೂ ಆಗುವುದಿಲ್ಲ. ನಮ್ಮ ಕಡೆಯ ಅಳತೆಯಲ್ಲಿ ಹೇಳಬೇಕೆಂದರೆ ಸೆಂಟಿನೆಲ್ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) 10 ಮೀಟರ್‌ಗೆ 10 ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ಲ್ಯಾಂಡ್‌ಸ್ಯಾಟ್‌ನದು ಒಂಬತ್ತು ಗುಂಟೆ. ಗೋಡೆ ಯಾವ ವರ್ಷ ಎದ್ದಿತು, ಹೊಲ ಕಾವಲಿನೊಳಕ್ಕೆ ಎಷ್ಟು ಒತ್ತಿತು, ಪಕ್ಕದ ಪಾವಗಡದಲ್ಲಿ ಸೋಲಾರ್ ಫಲಕಗಳು ಹೇಗೆ ಹಬ್ಬಿದವು, ಇವಕ್ಕೆಲ್ಲ ಇದೇ ಸಾಕ್ಷಿ. ಪಾವಗಡದ್ದು 2,050 ಮೆಗಾವಾಟ್, ಸುಮಾರು 13,000 ಎಕರೆ. ಅಷ್ಟು ದೊಡ್ಡದನ್ನು ಮಂದೆಯ ಹಿಂದೆ ನಡೆದು ಅಳೆಯಲು ಆಗುತ್ತದಾ?

ಆದರೆ ಹುಲ್ಲು ಅಳೆಯಲು ಹೋದಾಗ ಉಪಗ್ರಹ ಕೈ ಕೊಡುತ್ತದೆ. ಸಾಮಾನ್ಯವಾಗಿ ಬಳಸುವ ಎನ್‌ಡಿವಿಐ ಅನ್ನುವ ಸೂಚ್ಯಂಕ ಅಳೆಯುವುದು ಹಸಿರನ್ನು. ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಎರಚುತ್ತದೆ, ಆ ವ್ಯತ್ಯಾಸದ ಲೆಕ್ಕ ಅದು. ಫೆಬ್ರವರಿಯ ಕಾವಲಿನಲ್ಲಿ ನಿಂತಿರುವುದು ಒಣಗಿದ ಕರಡ ಹುಲ್ಲು. ಬೇಸಿಗೆ ದಾಟಿಸುವ ಮೇವು ಅದೇ, ಆದರೆ ಎನ್‌ಡಿವಿಐ ಪಾಲಿಗೆ ಅದಕ್ಕೂ ಬರಿ ನೆಲಕ್ಕೂ ಹೆಚ್ಚು ಫರಕಿಲ್ಲ. ಹುಲ್ಲು ಹಸಿರಾಗಿರುವ ಮಳೆಗಾಲದಲ್ಲಿ ಮೋಡ ಅಡ್ಡ. ಮಣ್ಣಿನ ಹೊಳಪನ್ನು ಸರಿದೂಗಿಸುವ ಸೂತ್ರಗಳಿವೆ, ಅವು ಸ್ವಲ್ಪ ನೆರವಾಗುತ್ತವೆ.

ಬಳ್ಳಾರಿ ಜಾಲಿಗೆ ಮಾತ್ರ ಯಾವ ಸೂತ್ರವೂ ಸಾಲದು. ಕೆರೆ ಅಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲ ಕಡೆ ಹಬ್ಬಿರುವ ಈ ಗಿಡ ಏಪ್ರಿಲ್‌ನಲ್ಲೂ ಹಸಿರು. ಪರದೆಯ ಮೇಲೆ ಇಡೀ ಊರು ಸುಧಾರಿಸಿದಂತೆ ಕಾಣುತ್ತದೆ. ಇನ್ನೊಂದು ತಮಾಷೆ ನೋಡಿ. ಗೋಡೆಯೊಳಗೆ ಮೇಯುವವರೇ ಇಲ್ಲದೆ ಹುಲ್ಲು ಎತ್ತರ ಬೆಳೆದರೆ ಅದೂ ಚಿತ್ರದಲ್ಲಿ ಒಳ್ಳೆಯ ಸುದ್ದಿಯೇ. ಯಾರಿಗೆ ಒಳ್ಳೆಯದು ಅನ್ನುವುದನ್ನು ಅಳೆಯುವ ಬ್ಯಾಂಡ್ (ಬೆಳಕಿನ ಪಟ್ಟಿ) ಉಪಗ್ರಹದಲ್ಲಿ ಇಲ್ಲ.

ನೆಲದ ನಕ್ಷೆಯದು ಅರ್ಧ ದಿನದ ಕೆಲಸ. ಹಟ್ಟಿಯ ಅಂಗಳದಲ್ಲಿ ರಂಗೋಲಿ ಪುಡಿ, ಕಲ್ಲು, ಎಲೆ ಕೊಟ್ಟು "ನಿಮ್ಮ ಮೇವಿನ ಜಾಗ, ನೀರಿನ ಜಾಗ ಎಲ್ಲಿ, ಬರೆಯಿರಿ" ಅನ್ನುವುದು. ಪೆನ್ನು ಕೊಟ್ಟರೆ ಹಿಂದೆ ಸರಿಯುವ ಹೆಂಗಸರು ರಂಗೋಲಿ ಪುಡಿಗೆ ತಾವೇ ಕೈ ಹಾಕುತ್ತಾರೆ. ಸೌದೆ ತರುವ ದಾರಿ ಗೋಡೆ ಬಂದ ಮೇಲೆ ಎಷ್ಟು ಸುತ್ತಾಯಿತು ಅನ್ನುವುದನ್ನು ನಾನು ಮೊದಲು ನೋಡಿದ್ದು ಇಂಥ ನಕ್ಷೆಯಲ್ಲಿ. ಗಂಡಸರು ಅದನ್ನು ಹೇಳಿರಲೇ ಇಲ್ಲ. ಆದರೆ ಊರ ಯಜಮಾನರು ಬಂದು ನಿಂತರು ಅಂದರೆ ಮುಗಿಯಿತು, ಆಮೇಲೆ ನಕ್ಷೆ ಅವರದ್ದೇ. ಶುರುವಿಗೆ ಒಳ್ಳೆಯದು, ಆದರೆ ಅದೊಂದನ್ನೇ ನೆಚ್ಚಿಕೊಂಡು ಅಧ್ಯಾಯ ಬರೆಯಬೇಡಿ.

ಈಗ ನಡಿಗೆ. ಖರ್ಚು ಅಂದರೆ ಗಟ್ಟಿ ಚಪ್ಪಲಿ, ನೀರಿನ ಬಾಟಲಿ, ಜಿಪಿಎಸ್ ದಾರಿ ದಾಖಲಿಸುವ ಒಂದು ಆ್ಯಪ್, ಪವರ್ ಬ್ಯಾಂಕ್. ಮಳೆಗಾಲ ಮುಗಿದ ದಿನಗಳಲ್ಲಿ ಇಬ್ಬನಿ ಆರದೆ ಕುರಿ ಬಿಡುವುದಿಲ್ಲ, ಹಾಗಾಗಿ ಬೆಳಗ್ಗೆ ರೊಪ್ಪದ (ಕುರಿ ದೊಡ್ಡಿಯ) ಹತ್ತಿರ ಆರಾಮಾಗಿ ಮಾತಾಡಲು ಸಮಯ ಸಿಗುತ್ತದೆ. ಮಂದೆ ಹೊರಟ ಮೇಲೆ ಪ್ರಶ್ನೆ ಕೇಳುವ ಅಗತ್ಯ ಹೆಚ್ಚು ಬೀಳುವುದಿಲ್ಲ, ದಾರಿಯೇ ಮಾತು ತೆಗೆಯುತ್ತದೆ. ಗೋಡೆ ಬಂತು ಅಂದರೆ ಗೋಡೆಯ ಕಥೆ. ಒಣಗಿದ ಗೋಕಟ್ಟೆ ಬಂತು ಅಂದರೆ ನೀರಿನ ಕಥೆ. ಶೇಂಗಾ ಕಿತ್ತ ಹೊಲ ಬಂತು ಅಂದರೆ ಆ ರೈತ ಹೋದ ವರ್ಷ ಕುರಿಗಳನ್ನು ರಾತ್ರಿ ಹೊಲದಲ್ಲಿ ತರುಬಿಸಿಕೊಂಡು ಗೊಬ್ಬರಕ್ಕೆ ಎಷ್ಟು ಕೊಟ್ಟ, ಈ ವರ್ಷ ಯಾಕೆ ಬೇಡ ಅಂದ ಅನ್ನುವ ಲೆಕ್ಕ. ಫಾರ್ಮ್‌ನಲ್ಲಿ ಕುರಿಯ ಸಂಖ್ಯೆ ಹೇಳದ ಅಜ್ಜನೇ ಸಂಜೆ ರೊಪ್ಪದ ಬಾಯಲ್ಲಿ ನಿಂತು ಒಂದೊಂದನ್ನೇ ಕಾಲ ಸಂದಿಯಲ್ಲಿ ಹಾಯಿಸಿ ಎಣಿಸುತ್ತಾನೆ. ನೀವು ಪಕ್ಕದಲ್ಲೇ ನಿಂತಿರುತ್ತೀರಿ.

ಜಾಲಿಯ ಬಗ್ಗೆ ನನಗೆ ನಿಜವಾದ ಪಾಠ ಆಗಿದ್ದೂ ಅಲ್ಲೇ. ಏಪ್ರಿಲ್ ಬಿಸಿಲು. ಮುದುಕರೊಬ್ಬರು ಉದ್ದನೆ ದೋಟಿ ಎತ್ತಿ ಜಾಲಿಯ ಕೊಂಬೆಗೆ ಸಿಕ್ಕಿಸಿ ಅಲ್ಲಾಡಿಸಿದರು. ಹಳದಿ ಕಾಯಿಗಳು ಪಟಪಟ ಉದುರಿದವು. ಆ ಸದ್ದಿಗೇ ದೂರದಲ್ಲಿದ್ದ ಕುರಿಗಳು ಓಡಿ ಬಂದವು. ಎಲೆಯನ್ನು ಅವು ಮೂಸಿಯೂ ನೋಡಲಿಲ್ಲ, ಕಾಯಿಯನ್ನು ಮಾತ್ರ ಕಟಕಟ ಅಗಿದವು. ಒಂದು ಕುರಿ ಕುಂಟುತ್ತಿತ್ತು. ಅದನ್ನು ಹಿಡಿದು ಮಲಗಿಸಿ, ಗೊರಸಿನ ಸಂದಿಯಿಂದ ಅದೇ ಜಾಲಿಯ ಮುಳ್ಳನ್ನು ಚಿಮಟದಲ್ಲಿ ಎಳೆದು ತೆಗೆದರು. "ಇದು ಇಲ್ದಿದ್ರೆ ಬ್ಯಾಸಗೆ ಕಳೆಯೋದು ಕಷ್ಟ ಕಣವ್ವಾ. ಇದ್ರಿಂದ ಕಾವಲೂ ಹಾಳಾಯ್ತು" ಅಂದರು. ಎರಡೂ ಒಂದೇ ಉಸಿರಿನಲ್ಲಿ. ನನ್ನ ಉಪಗ್ರಹ ನಕ್ಷೆಯಲ್ಲಿ ಜಾಲಿಗೆ ಇದ್ದದ್ದು ಒಂದು ಬಣ್ಣ, ಒಂದು ಅರ್ಥ. ಆಮೇಲೆ ಅದನ್ನು ತಿಂಗಳವಾರು ಬೇರೆ ಬೇರೆಯಾಗಿ ಓದಲು ಶುರು ಮಾಡಿದೆ: ಕಾಯಿ ಬೀಳುವ ಬೇಸಿಗೆಯಲ್ಲಿ ಮೇವು, ಉಳಿದ ತಿಂಗಳುಗಳಲ್ಲಿ ಹುಲ್ಲಿನ ಜಾಗ ನುಂಗಿದ ಪೊದೆ. ಸಮೀಕ್ಷೆಯ ಫಾರ್ಮ್‌ಗೂ 'ಬೇಸಿಗೆಯಲ್ಲಿ ಜಾಲಿಕಾಯಿ ಎಲ್ಲಿ ಸಿಗುತ್ತದೆ, ಯಾರ ಜಾಗ, ದುಡ್ಡು ಕೊಡಬೇಕಾ?' ಅನ್ನುವ ಸಾಲು ಸೇರಿತು. ಇಂಥ ಪ್ರಶ್ನೆ ಲೈಬ್ರರಿಯಲ್ಲಿ ಕೂತು ಹೊಳೆಯುವಂಥದ್ದಲ್ಲ.

ನಡಿಗೆಗೂ ಅದರದೇ ಕೊರತೆಗಳಿವೆ. ಒಂದು ಮಂದೆ ಅಂದರೆ ಒಂದು ಮಂದೆಯ ಮಾತು ಅಷ್ಟೇ. ವೈವಾದಲ್ಲಿ "ಸ್ಯಾಂಪಲ್ ಎಷ್ಟು?" ಅಂತ ಕೇಳಿಯೇ ಕೇಳುತ್ತಾರೆ, ಆಗ ದೋಟಿಯ ಕಥೆ ಹೇಳಿ ಪಾರಾಗಲು ಬರುವುದಿಲ್ಲ. ಮಂದೆಯ ಹಿಂದೆ ಹೋದವರಿಗೆ ಹಟ್ಟಿಯಲ್ಲಿ ಮರಿ ನೋಡಿಕೊಳ್ಳುವ ಹೆಂಗಸರ ದುಡಿಮೆ ಕಾಣುವುದಿಲ್ಲ. ಮೈ ದಣಿಯುತ್ತದೆ, ನಾಯಿಗಳ ಭಯ ಬೇರೆ. ಇನ್ನೊಂದು ಎಚ್ಚರ ಇದೆ, ಇದನ್ನು ಮೆಥಡ್ಸ್ ಕ್ಲಾಸಿನಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಜಿಪಿಎಸ್ ಗೆರೆ ಅರಣ್ಯದೊಳಗೋ ಗೋಡೆಯ ಸಂದಿಯಲ್ಲೋ ಹಾದಿದ್ದರೆ ಅದನ್ನು ಹಾಗೇ ಥೀಸಿಸ್‌ನಲ್ಲಿ ಅಚ್ಚು ಹಾಕಬಾರದು. ನಿಮಗೆ ಅದು ಚಂದದ ನಕ್ಷೆ, ಅವರಿಗೆ ಅದು ದಂಡದ ರಸೀತಿ ಆಗಬಹುದು. ಗೆರೆಯನ್ನು ದಪ್ಪ ಮಾಡಿ, ಊರಿನ ಹೆಸರು ತೆಗೆದು ಹಾಕುವುದು ನನ್ನ ಪದ್ಧತಿ.

ದಾಖಲೆಗಳನ್ನು ನಾನು ಐದನೆಯ ದಾರಿ ಅಂತ ಎಣಿಸಲಿಲ್ಲ. ಪಹಣಿ, ಗ್ರಾಮನಕ್ಷೆ, ಜಾನುವಾರು ಗಣತಿ ಎಲ್ಲರಿಗೂ ಬೇಕು. ಆದರೂ ಒಂದು ವಿಷಯ ಗೊತ್ತಿರಲಿ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಗೋಮಾಳ ಕಾದಿಡುವುದು ನೂರು ಜಾನುವಾರಿಗೆ 30 ಎಕರೆ ಲೆಕ್ಕದಲ್ಲಿ. ಅಂದರೆ ತಲೆ ಎಣಿಕೆ ಸುಮ್ನೆ ಅಂಕಿ ಅಲ್ಲ, ಜಮೀನು ಅದರ ಮೇಲೆ ನಿಂತಿದೆ. ದೃಷ್ಟಿಗೆ ಹೆದರಿ ಕಡಿಮೆ ಹೇಳುವವರ ಊರಲ್ಲಿ ಈ ನಿಯಮ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ಒಂದು ಥೀಸಿಸ್. ಯಾರಾದರೂ ಮಾಡಿ, ನಾನು ಓದುತ್ತೇನೆ.

ಹಳೆಯ ಕಾಲದ ವಿಷಯ ಬೇಕಾದರೆ ಹಿರಿಯರ ನೆನಪು, ಉಪಗ್ರಹ ಎರಡನ್ನೂ ಎದುರುಬದುರು ಇಟ್ಟು ನೋಡಿ. ಇಲ್ಲಿ ಯಾರೂ ಬರಿ ಇಸವಿ ಹೇಳುವುದಿಲ್ಲ, ಒಂದು ಘಟನೆ ಹಿಡಿದು ಹೇಳುತ್ತಾರೆ. '72ರ ಬರ' ಅನ್ನುತ್ತಾರೆ, 'ಮಾರಿಕಣಿವೆ ಕೋಡಿ ಬಿದ್ದ ವರ್ಷ' ಅನ್ನುತ್ತಾರೆ. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ. ಅದು 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರಲ್ಲೂ ಬಿತ್ತು, ಹಾಗಾಗಿ ಯಾವ ಕೋಡಿ ಅಂತ ಕೇಳಿಕೊಳ್ಳಿ. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದೇ 1972ರ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಕಾವಲು ಹೇಗಿತ್ತು ಅನ್ನುವುದಕ್ಕೆ ಲ್ಯಾಂಡ್‌ಸ್ಯಾಟ್ ಸಿಗುವುದಿಲ್ಲ, ಅಜ್ಜಂದಿರನ್ನೇ ಕೇಳಬೇಕು.

ಹಾಗಾದರೆ ಯಾರಿಗೆ ಯಾವುದು? ನಾಲ್ಕೈದು ತಿಂಗಳಲ್ಲಿ ಎಂಎಸ್ಸಿ ಡಿಸರ್ಟೇಶನ್ ಮುಗಿಸಬೇಕಾದವರು ಒಂದೇ ಹಟ್ಟಿ ಹಿಡಿಯಿರಿ. ನೆಲದ ನಕ್ಷೆ ಒಂದು, ನಡಿಗೆ ಸಾಕಷ್ಟು, ಅದೇ ಹಟ್ಟಿಯ ಸುತ್ತ ಸೆಂಟಿನೆಲ್ ಚಿತ್ರ. ಸಮೀಕ್ಷೆ ಬಿಟ್ಟುಬಿಡಿ, ಅಷ್ಟು ಚಿಕ್ಕ ಅವಧಿಯಲ್ಲಿ ಅದು ಅರೆಬೆಂದದ್ದೇ ಆಗುತ್ತದೆ. ಪಿಎಚ್‌ಡಿಯವರಿಗೆ ಸಮೀಕ್ಷೆ ಬೇಕು, ಆದರೆ ಎರಡನೆಯ ವರ್ಷದಲ್ಲಿ. ಬರಿ ಉಪಗ್ರಹ ಇಟ್ಟುಕೊಂಡು ಪೇಪರ್ ಬರೆಯುವವರಿಗೆ ನನ್ನ ತಕರಾರಿಲ್ಲ, ಭೂಬಳಕೆ ಬದಲಾವಣೆ ಅಂತ ಹೆಸರಿಡಿ, 'ಸಮುದಾಯಗಳು' ಅನ್ನುವ ಪದ ಮಾತ್ರ ಶೀರ್ಷಿಕೆಯಲ್ಲಿ ಹಾಕಬೇಡಿ. ಸೋಲಾರ್ ಪಾರ್ಕ್ ಬಗ್ಗೆ ಮಾಡುವವರು ಜಮೀನು ಗುತ್ತಿಗೆ ಕೊಟ್ಟವರ ಮನೆಗಷ್ಟೇ ಹೋಗಬೇಡಿ. ಗುತ್ತಿಗೆ ಹಣ ಬರುವುದು ಜಮೀನಿದ್ದವರಿಗೆ, ಆ ಬೀಳುಗಳಲ್ಲಿ ಕುರಿ ಬಿಡುತ್ತಿದ್ದ ಜಮೀನಿಲ್ಲದವರು ಆ ಪಟ್ಟಿಯಲ್ಲಿರುವುದಿಲ್ಲ.

ಫಾರ್ಮ್ ಮಾಡುವುದೇ ಆದರೆ ಚಿಕ್ಕದಿರಲಿ, ಮಂದೆಯವರು ಊರಿಗೆ ವಾಪಸಾಗುವ ಮುಂಗಾರಿನ ಹೊತ್ತಿಗೆ ಹೋಗಿ. ಮೊಳಕಾಲ್ಮುರು ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗಿನಲ್ಲಿ, ಹಾಗಾಗಿ ತೆಲುಗು ಬರುವ ಜೊತೆಗಾರರು ಇರಲಿ. ಟ್ಯಾಬ್ ಅನ್ನು ಬ್ಯಾಗಿನಿಂದ ತೆಗೆಯುವುದು ಮಂದೆಯವರ ಜೊತೆ ಒಂದಷ್ಟು ದಿನ ನಡೆದ ಮೇಲೆ.