ಉರುಳಿ ಕಾಂಚನ್ ಕಡೆಯ ನರ್ಸರಿ: ದುಬಾರಿ, ಬಿಗುಮಾನ, ಆದರೂ ನಾಲ್ಕು ನಕ್ಷತ್ರ

ಪುಣೆಯಿಂದ ಸೋಲಾಪುರ ರಸ್ತೆ ಹಿಡಿದರೆ ಉರುಳಿ ಕಾಂಚನ್ ಸುತ್ತ ನರ್ಸರಿಗಳದ್ದೇ ಸಾಲು. ನಾನು ಹೇಳುತ್ತಿರುವುದು ಜಮಖಂಡಿ ಕಡೆಯ ಗಂಡ ಹೆಂಡತಿ ನಡೆಸುವ ನರ್ಸರಿಯ ಬಗ್ಗೆ. ಅಂಜೂರ, ಸೀತಾಫಲದ ಸಸಿಗಳು ಪಕ್ಕದವರಿಗಿಂತ ದುಬಾರಿ, ಚೌಕಾಸಿ ನಡೆಯುವುದಿಲ್ಲ. ಒಳಗೆ ಕಾಲಿಡುವ ಮೊದಲು ಚಪ್ಪಲಿಯನ್ನು ಔಷಧದ ನೀರಿನ ತೊಟ್ಟಿಯಲ್ಲಿ ಅದ್ದಬೇಕು. ಮದುವೆ ಊಟ ಮುಗಿಸಿ ಹೊಸ ಚಪ್ಪಲಿಯಲ್ಲಿ ಬಂದವರಿಗೂ ರಿಯಾಯಿತಿ ಇಲ್ಲ.

ಹೊರಗಿನಿಂದ ತಂದ ಗಿಡಗಳಿಗೆ, ರೋಗ ಹುಳ ಇಲ್ಲವೆಂದು ಖಾತ್ರಿಯಾಗುವವರೆಗೆ, ಬೇರೆಯೇ ಬಲೆಮನೆ. ಅಲ್ಲಿನ ಹಳದಿ ಅಂಟುಹಾಳೆಗೆ ಯಾವ ಹುಳ ಅಂಟಿದೆಯೆಂದು ಯಜಮಾನತಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನನ್ನ ಪಪ್ಪಾಯಿ ಸಸಿ ಇನ್ನೂ ಅಲ್ಲೇ ಇತ್ತು. “ಮುಂದಿನ ತಿಂಗಳು ಬನ್ನಿ ಅಕ್ಕಾ” ಎಂದರು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿಯ ಹಿಟ್ಟು ತಿಗಣೆ ಎಂಬ ರಸ ಹೀರುವ ಕೀಟ 2010ರ ಹೊತ್ತಿಗೆ ಪುಣೆ ಮುಟ್ಟಿತ್ತು. ಅದನ್ನು ಹತ್ತಿಕ್ಕಲು ಪೋರ್ಟೊ ರಿಕೊದಿಂದ, ಆ ತಿಗಣೆಯೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜದ ಹುಳ ತರಿಸಬೇಕಾಯಿತು. ಒಂದು ತಿಂಗಳು ಕಾಯುವುದೇ ಅಗ್ಗ.

ಅಷ್ಟರಲ್ಲಿ ಒಬ್ಬ ಹುಡುಗ ವಿದೇಶದ ಟೊಮೆಟೊ ಬೀಜದ ಪೊಟ್ಟಣ ತೆಗೆದು, ಸಸಿ ಮಾಡಿಕೊಡಿ ಎಂದ. “ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇದೆಯೇನಪ್ಪಾ?” ಎಂದರು ಯಜಮಾನರು. “ನಾನೇನು ಭಯೋತ್ಪಾದಕನೇ?” ಎಂದು ಅವನು ನಕ್ಕ. ಆ ಮಾತು ತೀರಾ ಹಾಸ್ಯವೂ ಅಲ್ಲ. 2020ರಲ್ಲಿ ಯಾರೂ ಕೇಳದ ಬೀಜದ ಪಾರ್ಸೆಲ್‌ಗಳು ಹಲವು ದೇಶಗಳ ಮನೆಗಳಿಗೆ ಬಂದಾಗ, ನಮ್ಮ ಕೃಷಿ ಸಚಿವಾಲಯವೂ ರಾಜ್ಯಗಳನ್ನು ಎಚ್ಚರಿಸಿತ್ತು. ಅಮೆರಿಕದ ತನಿಖೆಯಲ್ಲಿ ಅದು ಬಹುತೇಕ ಸುಳ್ಳು ಮಾರಾಟ ತೋರಿಸುವ ಆನ್‌ಲೈನ್ ವಂಚನೆಯೆಂದು ಕಂಡಿತು. ಆದರೆ ಕೇಡು ಬಯಸಿದವನಿಗೂ ಆ ದಾರಿ ತೆರೆದೇ ಇತ್ತು. ಬೇಕೆಂದೇ ಕಳಿಸಿದರೂ ತಿಳಿಯದೆ ತಂದರೂ ರೋಗ ಬರುವುದು ಒಂದೇ ಬಾಗಿಲಿನಿಂದ.

ನನ್ನ ತವರು ಶಿಕಾರಿಪುರ. 2018ರ ಮೇ ತಿಂಗಳಲ್ಲಿ, ಹೊರದೇಶದಿಂದ ಬಂದ ಬೆಳೆ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ. ಮರುವರ್ಷ ಅದು ಮಿಜೋರಾಂನಲ್ಲಿತ್ತು. ಚಳಿಯಲ್ಲಿ ಮೂರು ತಿಂಗಳು ಹಿಡಿಯುವ ಅದರ ಜೀವನಚಕ್ರ ಸೆಕೆಯಲ್ಲಿ ಒಂದೇ ತಿಂಗಳಿಗೆ ಮುಗಿಯುತ್ತದೆ. ಬಿಸಿಲು ಏರಿದಷ್ಟೂ ಪೀಳಿಗೆಗಳು ಹೆಚ್ಚು, ನಮಗೆ ಸಿಗುವ ಸಮಯ ಕಡಿಮೆ.

ಒಂದು ನಕ್ಷತ್ರ ಕಡಿಮೆ ಕೊಟ್ಟದ್ದಕ್ಕೂ ಕಾರಣವಿದೆ. ಇಷ್ಟೆಲ್ಲ ಬರೆದಿಡುವವರು ಬಿಲ್ಲಿನಲ್ಲಿ ಮಾತ್ರ “ಅಂಜೂರ ಗಿಡ” ಎಂದಷ್ಟೇ ಗೀಚಿ ಕೊಡುತ್ತಾರೆ. ಯಾವ ತಾಯಿಗಿಡ, ಒಟ್ಟಿಗೆ ಬೆಳೆಸಿದ ಸಸಿಗಳ ಯಾವ ತಂಡ ಎಂಬುದಿಲ್ಲ. ನಾಳೆ ಸಾಸವಡದ ನನ್ನ ತೋಟದಲ್ಲಿ ರೋಗ ಕಂಡರೆ, ಅದೇ ತಂಡದ ಗಿಡಗಳನ್ನು ಇನ್ನು ಯಾರ್ಯಾರು ಒಯ್ದಿದ್ದಾರೆಂದು ಹುಡುಕುವುದು ಹೇಗೆ? ಕೇಳಿದೆ; ಹೊಸ ಬಿಲ್ ಪುಸ್ತಕ ಅಚ್ಚಾಗುತ್ತಿದೆಯಂತೆ. ಸೋಮವಾರ ರಜೆ.