ಮನೆಯಲ್ಲೇ ಕಟ್ಟಿ ಕಲಿಯಲು ಮೊದಲು ಯಾವುದು: ದನಿ ಪ್ರಸಾರ ಮಾಡುವ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರೋ, ಪ್ರಸಾರ ಕೇಳಿಸುವ ಸರಳ ಕ್ರಿಸ್ಟಲ್ ರೇಡಿಯೊವೋ?

ಟ್ರಾನ್ಸ್‌ಮಿಟರ್‌ಗೆ ಮುಖ್ಯವಾಗಿ ಬೇಕಿರುವುದು ಒಂದು ಟ್ರಾನ್ಸಿಸ್ಟರ್, ಮೈಕ್, ಟ್ರಿಮ್ಮರ್ (ಸ್ಟೇಷನ್ ಹೊಂದಿಸುವ ಪುಟ್ಟ ಕೆಪಾಸಿಟರ್), 9 ವೋಲ್ಟ್ ಬ್ಯಾಟರಿ, ಪೆನ್ನಿನ ರೀಫಿಲ್‌ಗೆ ಐದಾರು ಸುತ್ತು ಸುತ್ತಿದ ತಾಮ್ರದ ತಂತಿ, ಅಂದರೆ ಕಾಯಿಲ್. ನಮ್ಮದೇ ದನಿ ಪಕ್ಕದ ಕೋಣೆಯ ರೇಡಿಯೊದಲ್ಲಿ ಕೇಳಿದಾಗಿನ ಖುಷಿಯೇ ಬೇರೆ! ಆದರೆ ಕಾಯಿಲ್ ಹತ್ತಿರ ಬೆರಳು ತಂದರೆ ಸಾಕು, ಪ್ರಸಾರದ ಆವರ್ತನ ಬದಲಾಗಿ ಸ್ಟೇಷನ್ ಜಾರುತ್ತದೆ. ಬ್ಯಾಟರಿ ಇಳಿದಂತೆ ಮತ್ತೆ ಜಾರುತ್ತದೆ. ಅದಕ್ಕೇ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆ) ಬೇಡ, ಬಿಡಿಭಾಗಗಳ ಕಾಲು ಗಿಡ್ಡ ಮಾಡಿ ಬೆಸುಗೆ ಹಾಕಿ. ದೂರಕ್ಕೆ ಕೇಳಿಸಲೆಂದು ಆಂಟೆನಾ ಉದ್ದ ಮಾಡುವ ಆಸೆಯಂತೂ ಬೇಡವೇ ಬೇಡ. 88–108 ಮೆಗಾಹರ್ಟ್ಸ್‌ನಲ್ಲಿ ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ.

ಕ್ರಿಸ್ಟಲ್ ರೇಡಿಯೊಗೆ ಆ ಭಯವಿಲ್ಲ, ಬ್ಯಾಟರಿಯೂ ಬೇಡ. ಕಾಯಿಲ್, ಗ್ಯಾಂಗ್ (ಸ್ಟೇಷನ್ ಹುಡುಕಲು ತಿರುಗಿಸುವ ಕೆಪಾಸಿಟರ್), ಜರ್ಮೇನಿಯಂ ಡಯೋಡ್, ಕ್ರಿಸ್ಟಲ್ ಇಯರ್‌ಫೋನ್. ಮಾಳಿಗೆ ಮೇಲೆ ಉದ್ದನೆಯ ತಂತಿ, ಒಳ್ಳೆಯ ಅರ್ಥಿಂಗ್. ಹುಬ್ಬಳ್ಳಿ-ಧಾರವಾಡದವರಿಗೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಮಗ್ಗುಲಲ್ಲೇ ಇದೆ. ನಾನಾದರೆ ಮೊದಲು ಕ್ರಿಸ್ಟಲ್ ರೇಡಿಯೊವನ್ನೇ ಕಟ್ಟಿ, ಆ ಕೇಂದ್ರದ 765 ಕಿಲೋಹರ್ಟ್ಸ್‌ನಲ್ಲಿ ಕಿವಿಗೊಡುತ್ತೇನೆ.